ಟಪ್ಪಾ ಬೀಳುವ ತನಕ

ಹದಿನೇಳು ಪಂದ್ಯ ಆಡಿ ಐದು ಗೋಲು ಹೊಡೆದ ತಂಡಕ್ಕೆ ಏನನ್ನಬೇಕು ಹೇಳಿ. ಆ ಐದರಲ್ಲಿ ಒಂದು ಎದುರಾಳಿ ತಂಡದ ಡಿಫೆಂಡರ್ ಗಾಬರಿಬಿದ್ದು ತನ್ನದೇ ಬಲೆಗೆ ತಳ್ಳಿಕೊಂಡದ್ದು. ಇನ್ನೊಂದು ಪೆನಾಲ್ಟಿ, ಅದೂ ಕಂಬಕ್ಕೆ ಬಡಿದು, ಗೋಲು ಕಾಯುವ ಗೋಲಿಯ ಬೆನ್ನಿಗೆ ಬಡಿದು, ಹೋಗಲೋ ಬೇಡವೋ ಎಂದು ಒಳಗೆ ಹೋದದ್ದು. ಉಳಿದ ಮೂರನ್ನು ಗೋಲು ಅಂತ ನಾನು ಒಪ್ಪುತ್ತೇನೆ. ನಮ್ಮ ಮನೆಯ ಮುದಿ ಕೋಳಿ ಕೂಡ ಆ ಪಂದ್ಯಗಳು ನಡೆದ ಐದು ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಮೊಟ್ಟೆ ಇಟ್ಟಿತ್ತು.

ತಂಡದ ಹೆಸರು ಡೆಕ್ಕನ್ ಸ್ಟಾರ್ಸ್. ದೇಶದ ಎರಡನೇ ದರ್ಜೆಯ ವೃತ್ತಿಪರ ಲೀಗಿನಲ್ಲಿ ಆಡುತ್ತದೆ, ಬೆಳಗಾವಿಯಲ್ಲಿ ಅದರ ಮೈದಾನ. ನಾನು ದಾವಲಸಾಬ ನದಾಫ. ವಿಜಯಪುರದ ಜೋರಾಪುರ ಪೇಟೆಯಲ್ಲಿ ಗಾದಿ ಹೊಲಿಯುವ ಅಂಗಡಿ ನನ್ನದು. ಹತ್ತಿ ಹಿಂಜುವುದು ಹೊಟ್ಟೆಪಾಡು, ಫುಟ್‌ಬಾಲು ಹುಚ್ಚು. ಭಾನುವಾರ ಸಂಜೆ ನಾಲ್ಕಕ್ಕೆ ಪಂದ್ಯವಿದ್ದರೆ ಮೂರೂವರೆಗೇ ಅಂಗಡಿಯ ಬಾಗಿಲು ಎಳೆದು ಅಶ್ಫಾಕನ ಚಹಾದಂಗಡಿಗೆ ಹೋಗುತ್ತಿದ್ದೆ. ಅಲ್ಲಿ ಗೋಡೆಗೆ ದೊಡ್ಡ ಟಿವಿ ಇದೆ, ಅದರ ಎದುರಿಗೆ ನನ್ನದೇ ಒಂದು ಕುರ್ಚಿ ಇತ್ತು. ಅದರಲ್ಲಿ ಬೇರೆಯವರು ಕೂತಿದ್ದರೆ ಅಶ್ಫಾಕನೇ ಎಬ್ಬಿಸುತ್ತಿದ್ದ, ಯಾಕೆಂದರೆ ನನ್ನ ಬಾಯಿ ಅವನಿಗೆ ಗೊತ್ತು.

ಆ ಬಾಯಿಯಿಂದ ಆ ವರ್ಷ ಯಾರೂ ಉಳಿಯಲಿಲ್ಲ. ಏಳನೇ ನಂಬರಿನವನಿಗೆ ಓಡಲು ಬರುತ್ತದೆ, ನಿಲ್ಲಲು ಬರುವುದಿಲ್ಲ. ಚೆಂಡಿನ ಸಮೇತ ಗೆರೆ ದಾಟಿ ಹೋಗಿ ಜನರ ನಡುವೆ ನಿಲ್ಲುತ್ತಾನೆ. ಹತ್ತನೇ ನಂಬರಿನವ ಚೆಂಡು ಸಿಕ್ಕ ಕೂಡಲೇ ಹಿಂದೆ ತಿರುಗಿ ನೋಡುತ್ತಾನೆ, ಎದುರಿಗೆ ಗೋಲು ಇದೆ ಎನ್ನುವುದನ್ನು ಅವನಿಗೆ ಯಾರೂ ಹೇಳಿಲ್ಲ. ಕೋಚ್ ಗೋವಾದವ. ಕೈಕಟ್ಟಿ ನಿಂತು, ತಲೆ ಅಲ್ಲಾಡಿಸಿ, ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಾನೆ. ಬರೆದದ್ದನ್ನು ಹುಡುಗರಿಗೆ ಓದಿ ಹೇಳುತ್ತಾನೋ ಇಲ್ಲವೋ ದೇವರೇ ಬಲ್ಲ. ವರ್ಷಕ್ಕೆ ಎರಡು ಹೊಸ ಜೆರ್ಸಿ ತೆಗೆದರು, ಒಂದು ಹಸಿರು, ಒಂದು ನೇರಳೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಇದನ್ನೆಲ್ಲ ನಾನು ಕುರ್ಚಿಯಲ್ಲಿ ಕೂತು ಗಟ್ಟಿಯಾಗಿ ಹೇಳುತ್ತಿದ್ದೆ, ಜನ ನಗುತ್ತಿದ್ದರು, ಅಶ್ಫಾಕನ ಚಹಾ ಖರ್ಚಾಗುತ್ತಿತ್ತು.

ಒಬ್ಬನನ್ನು ಮಾತ್ರ ನಾನೂ ಬೈಯುತ್ತಿರಲಿಲ್ಲ, ಬೇರೆಯವರಿಗೂ ಬೈಯಲು ಬಿಡುತ್ತಿರಲಿಲ್ಲ. ಅವನು ಒಂಬತ್ತನೇ ನಂಬರಿನ ಶ್ರೀಮಂತ. ಗೋಲು ಹೊಡೆಯಬೇಕಾದವನೇ ಅವನು. ಹದಿನೇಳು ಪಂದ್ಯದಲ್ಲಿ ಅವನ ಹೆಸರಿಗೆ ಒಂದೂ ಇರಲಿಲ್ಲ. ಯಾರಾದರೂ ಅದನ್ನು ಎತ್ತಿದರೆ ನಾನು ಎದ್ದು ನಿಲ್ಲುತ್ತಿದ್ದೆ. ಚೆಂಡು ಕೊಡುವವರಿಗೆ ಕೊಡಲು ಬರದಿದ್ದರೆ ಹೊಡೆಯುವವ ಏನನ್ನು ಹೊಡೆಯಬೇಕು, ತನ್ನ ತಲೆಯನ್ನೇ ಅಂತ ಕೇಳುತ್ತಿದ್ದೆ. ಯಾಕೆಂದರೆ ಶ್ರೀಮಂತ ನನ್ನ ಹುಡುಗ. ಹೆತ್ತದ್ದು ಘೋಣಸಗಿಯ ರೇವಪ್ಪ ಮತ್ತು ಗುರುಬಾಯಿ, ಆಡು ಕಾಯುವ ಮನೆಯವರು. ಆದರೆ ಚೆಂಡಿಗೆ ಕಾಲು ಹಚ್ಚುವುದನ್ನು ಕಲಿಸಿದ್ದು ನಾನು.

ಆರನೇ ಇಯತ್ತೆಗೆ ವಿಜಯಪುರದ ಹಾಸ್ಟೆಲಿಗೆ ಬಂದಿದ್ದ. ಗೋಳಗುಮ್ಮಟದ ಹಿಂದಿನ ಬಯಲಿನಲ್ಲಿ ನಾನು ಸಂಜೆ ಹೊತ್ತು ಹತ್ತು ಹನ್ನೆರಡು ಹುಡುಗರಿಗೆ ಆಟ ಕಲಿಸುತ್ತಿದ್ದೆ. ಆ ಬಯಲೆಂದರೆ ಕಲ್ಲು, ಜಾಲಿಮುಳ್ಳು, ಗಾಳಿ. ಚೆಂಡೆಂದರೆ ನಾನೇ ಗಾದಿಯ ದಬ್ಬಣದಲ್ಲಿ ತೇಪೆ ಹಾಕಿ ಹಾಕಿ ಹೊಲಿದದ್ದು. ಒಂದು ಕಡೆ ಭಾರ, ಒಂದು ಕಡೆ ಹಗುರ. ಗಾಳಿಯಲ್ಲಿ ಬರುವಾಗ ಅದು ಎತ್ತ ತಿರುಗುತ್ತದೆ ಎಂದು ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ. ಆಕಾಶದಲ್ಲಿದ್ದಾಗಲೇ ಒದೆಯಲು ಹೋದ ಹುಡುಗ ಗಾಳಿಯನ್ನು ಒದ್ದು ಬೀಳುತ್ತಿದ್ದ. ಹಾಗಾಗಿ ನಾನೊಂದು ನಿಯಮ ಮಾಡಿದ್ದೆ. ಚೆಂಡು ಮೊದಲು ಒಂದು ಟಪ್ಪಾ ಬೀಳಲಿ. ನೆಲಕ್ಕೆ ಬಡಿದು ಒಮ್ಮೆ ಪುಟಿದರೆ ಅದರ ಸೊಕ್ಕು ಇಳಿಯುತ್ತದೆ. ಆಮೇಲೆ ಕಾಲು ಹಚ್ಚು, ಎಲ್ಲಿ ಹೇಳಿದರೆ ಅಲ್ಲಿಗೆ ಹೋಗುತ್ತದೆ.

ಶ್ರೀಮಂತನಷ್ಟು ಚೆಂದ ಅದನ್ನು ಕಲಿತವರಿಲ್ಲ. ಆಡುಗಳ ಹಿಂದೆ ಓಡಿದ ಕಾಲು, ಚೆಂಡು ಬೀಳುವ ಜಾಗಕ್ಕೆ ಎಲ್ಲರಿಗಿಂತ ಮುಂಚೆ ಹೋಗಿ ನಿಲ್ಲುತ್ತಿದ್ದ. ಟಪ್ಪಾ ಬೀಳುತ್ತಿತ್ತು. ಒದೆಯುತ್ತಿದ್ದ. ಗೋಲು. ಬಾಗಲಕೋಟೆ, ಸಿಂದಗಿ, ಇಂಡಿ, ಎಲ್ಲ ಕಡೆ ಟೂರ್ನಮೆಂಟಿನ ಕಪ್ಪು ಎತ್ತಿದ. ಎದುರಿಗೆ ಆಡುವವರೂ ಇಂಥದೇ ಬಯಲಿನಲ್ಲಿ ಕಲಿತವರು, ಅವರೂ ಟಪ್ಪಾ ಬೀಳುವ ತನಕ ಕಾಯುವವರೇ. ಈ ಮಾತು ಆಗ ನನ್ನ ತಲೆಗೆ ಹೊಳೆದಿರಲಿಲ್ಲ.

ನನ್ನ ಅಪ್ಪ ಕುಸ್ತಿಯ ಉಸ್ತಾದ, ನಮ್ಮ ಪೇಟೆಯ ತಾಲೀಮು, ಅಂದರೆ ಗರಡಿಮನೆ, ಅವನದೇ. ಅಲ್ಲಿ ಒಂದು ರಿವಾಜು ಇತ್ತು. ಉಸ್ತಾದ ಕೊಟ್ಟ ಪಟ್ಟನ್ನು ಶಾಗಿರ್ದ ತನ್ನ ಮನಸ್ಸಿಗೆ ಬಂದ ಹಾಗೆ ಬಿಡುವಂತಿಲ್ಲ. ಬಿಡಬೇಕೆಂದರೆ, ಬೇರೆ ಉಸ್ತಾದನ ಪಟ್ಟು ಹಿಡಿಯಬೇಕೆಂದರೆ, ತೆಂಗಿನಕಾಯಿ, ಟವೆಲ್ಲು, ಸಕ್ಕರೆ ಹಿಡಿದು ಮನೆಗೆ ಬಂದು ಇಜಾಜತ್ ಕೇಳಬೇಕು. ಉಸ್ತಾದ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಅಪ್ಪಣೆ ಸಿಕ್ಕಿತು ಅಂತ. ಕುಸ್ತಿ ಕಲಿಸಲು ನನಗೆ ಮೈಯಿರಲಿಲ್ಲ, ಆದರೆ ಆ ರಿವಾಜನ್ನು ನಾನು ಫುಟ್‌ಬಾಲಿಗೆ ತಂದುಕೊಂಡಿದ್ದೆ. ಮೊದಲ ದಿನವೇ ಬಯಲಿನ ಮಣ್ಣು ಮುಟ್ಟಿಸಿ ಮಾತು ತೆಗೆದುಕೊಳ್ಳುತ್ತಿದ್ದೆ. ಉಳಿದ ಹುಡುಗರು ನಕ್ಕು ಮುಟ್ಟಿದರು. ಶ್ರೀಮಂತ ಮುಟ್ಟಿ, ಹಣೆಗೆ ಹಚ್ಚಿಕೊಂಡ.

ಆ ಹುಡುಗ ಇಪ್ಪತ್ತಮೂರಕ್ಕೆ ಡೆಕ್ಕನ್ ಸ್ಟಾರ್ಸ್ ಸೇರಿದಾಗ ನಾನು ಪೇಟೆಯ ತುಂಬ ಪೇಢೆ ಹಂಚಿದೆ. ಮೂವತ್ತು ವರ್ಷದಲ್ಲಿ ನಮ್ಮ ಬಯಲಿನಿಂದ ಯಾರೂ ಅಷ್ಟು ದೂರ ಹೋದವರಿಲ್ಲ. ಯಾರು ಕೇಳಲಿ ಬಿಡಲಿ, ನಾನು ಕಲಿಸಿದ ಹುಡುಗ ಅಂತ ಹೇಳುತ್ತಿದ್ದೆ. ಗಾದಿ ಒಯ್ಯಲು ಬಂದ ಗಿರಾಕಿಗೂ ಹೇಳುತ್ತಿದ್ದೆ.

ಮಾರ್ಚ್ ಬಂತು. ಒಂದು ಪಂದ್ಯ ಉಳಿಯಿತು. ಅದನ್ನು ಗೆದ್ದರೆ ತಂಡ ಲೀಗಿನಲ್ಲಿ ಉಳಿಯುತ್ತದೆ, ಸೋತರೂ ಸಮವಾದರೂ ಕೆಳಗಿನ ದರ್ಜೆಗೆ. ಶ್ರೀಮಂತನಿಗೆ ಕ್ಲಬ್ಬಿನವರು ಕರೆದು ಬೇರೆಯೇ ಹೇಳಿದ್ದರು: ಕೊನೆಯ ಪಂದ್ಯದಲ್ಲಿ ನಿನ್ನಿಂದ ಗೋಲು ಬಂದರೆ ಮುಂದಿನ ವರ್ಷ ಇರುತ್ತೀ, ಬರದಿದ್ದರೆ ಬೇರೆ ದಾರಿ ನೋಡಿಕೋ. ಬೇರೆ ದಾರಿ ಎಲ್ಲಿ? ವರ್ಷವಿಡೀ ಒಂದೂ ಗೋಲು ಹೊಡೆಯದ ಸ್ಟ್ರೈಕರನನ್ನು ಯಾವ ಕ್ಲಬ್ಬು ತೆಗೆದುಕೊಳ್ಳುತ್ತದೆ? ಇದು ನನಗೆ ಗೊತ್ತಿತ್ತು, ಪೇಟೆಗೂ ಗೊತ್ತಿತ್ತು.

ಆ ವಾರದ ಬುಧವಾರ ನಾನು ಬಬಲೇಶ್ವರಕ್ಕೆ ಹೋಗಿದ್ದೆ. ಅಲ್ಲೊಂದು ಮದುವೆ ಮನೆಗೆ ಎಂಟು ಗಾದಿ ಒಪ್ಪಿಸುವುದಿತ್ತು. ಚಪ್ಪರದ ಕೆಳಗೆ ಸೈಫುದ್ದೀನ ಕೂತಿದ್ದ. ನಮ್ಮ ಕಾಲದಲ್ಲಿ ಬಬಲೇಶ್ವರದ ಟೀಮಿಗೆ ಫುಲ್‌ಬ್ಯಾಕ್ ಆಡುತ್ತಿದ್ದ ಮನುಷ್ಯ, ನನ್ನ ಮೊಣಕಾಲಿನ ಮೇಲೆ ಈಗಲೂ ಅವನ ಬೂಟಿನ ಗುರುತಿದೆ. ಗಾದಿ ಇಳಿಸಿ ಕೈ ಒರೆಸಿಕೊಳ್ಳುತ್ತಿದ್ದೆ, ಅಷ್ಟರಲ್ಲಿ ಅವನು ಹತ್ತು ಜನರ ಎದುರಿಗೆ ಶುರು ಮಾಡಿದ.

"ದಾವಲಸಾಬ, ನಿಮ್ಮ ಹುಡುಗ ಚೆಂಡ ಬಂತಂದ್ರ ಮುಹೂರ್ತ ನೋಡ್ಕೊಂತ ನಿಂದರ್ತಾನಲ್ಲೋ. ಅದು ನೀ ಕಲಿಸಿದ ಟಪ್ಪಾ ಅಲ್ಲೇನು? ಹುಡುಗನ ತಪ್ಪಿಲ್ಲ ಬಿಡು, ಉಸ್ತಾದನ ತಪ್ಪು."

ಎಲ್ಲರೂ ನಕ್ಕರು. ಮದುವೆ ಮನೆಯವರೂ ನಕ್ಕರು. ಆಡಿದ ನಾಲ್ಕು ಫೈನಲಿನಲ್ಲೂ ನನ್ನ ಕೈಲಿ ಸೋತವ ನೀನು, ನಿನಗೇನು ತಿಳಿಯುತ್ತದೆ ಅಂತ ಅಂದು ಚಹಾ ಕುಡಿಯದೆ ಟೆಂಪೋ ಹತ್ತಿದೆ. ದಾರಿಯುದ್ದಕ್ಕೂ ಮೈ ಉರಿಯುತ್ತಿತ್ತು.

ಅಂಗಡಿಗೆ ಬಂದರೆ ಹತ್ತಿಯ ಚೀಲದ ಮೇಲೆ ಶ್ರೀಮಂತ ಕೂತಿದ್ದ. ನನ್ನ ಹೆಂಡತಿ ಗುಲಶನ ಅವನಿಗೆ ರೊಟ್ಟಿ ಬಡಿಸಿ ಎದುರಿಗೆ ಕೂತಿದ್ದಳು. ಬೆಳಗಾವಿಯಿಂದ ಬೆಳಗಿನ ಬಸ್ಸಿಗೆ ಬಂದು ಮತ್ತೆ ಸಂಜೆಯ ಬಸ್ಸಿಗೆ ಹೋಗಬೇಕಂತೆ, ಒಂದೇ ದಿನದ ರಜೆಯಂತೆ. ಅವನ ಪಕ್ಕದಲ್ಲಿ ಒಂದು ತೆಂಗಿನಕಾಯಿ, ಹೊಸ ಟವೆಲ್ಲು, ಕಾಗದದ ಪುಡಿಕೆಯಲ್ಲಿ ಸಕ್ಕರೆ. ಯಾಕೆ ಬಂದಿದ್ದಾನೆ ಎನ್ನುವುದು ಅವನು ಬಾಯಿ ತೆರೆಯುವ ಮುಂಚೆಯೇ ನನಗೆ ತಿಳಿಯಿತು.

ಅವನು ಎದ್ದು ಕಾಲು ಮುಟ್ಟಿ, ಮೊಬೈಲು ತೆಗೆದ. ಕೋಚ್ ಅವನಿಗೆ ಹನ್ನೊಂದು ತುಣುಕು ವೀಡಿಯೋ ಕಳಿಸಿದ್ದ. ಹನ್ನೊಂದರಲ್ಲೂ ಒಂದೇ ಕತೆ. ಚೆಂಡು ತೇಲಿ ಬರುತ್ತದೆ. ಶ್ರೀಮಂತ ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿಗೆ, ಒಬ್ಬನೇ ನಿಂತಿರುತ್ತಾನೆ. ಕಾಲು ತುಸು ಏಳುತ್ತದೆ, ಮತ್ತೆ ಕೆಳಗಿಳಿಯುತ್ತದೆ. ಚೆಂಡು ಹಸಿರು ಹುಲ್ಲಿನ ಮೇಲೆ ಟಪ್ಪಾ ಬೀಳುತ್ತದೆ. ಅಷ್ಟರೊಳಗೆ ಎರಡು ಜನ ಬಂದು ಅದನ್ನು ಒದ್ದು ಕಳಿಸಿಬಿಡುತ್ತಾರೆ.

"ಗಾಳ್ಯಾಗಿದ್ದಾಗನ ಹೊಡಿ ಅಂತಾನ್ರಿ ಕಾಕಾ," ಅಂದ. "ತಿಂಗಳಾತು, ದಿನಾ ಅದನ್ನ ಮಾಡಸಾಕತ್ತಾನ. ಪ್ರಾಕ್ಟೀಸಿನ್ಯಾಗ ಬರತೈತಿ. ಮ್ಯಾಚಿನ್ಯಾಗ ಬರಂಗಿಲ್ಲ, ಕಾಲ ತಾನ ಇಳೀತೈತಿ. ನಿಮಗ ಮಾತ ಕೊಟ್ಟೇನಲ್ರಿ. ನೀವೊಮ್ಮೆ ಬಿಡು ಅಂದ್ರ ಸಾಕು, ನನ್ನ ಕಾಲ ಬಿಡತೈತಿ."

ನಿಜ ಹೇಳಿಬಿಡುತ್ತೇನೆ. ಮೂರನೇ ತುಣುಕು ಮುಗಿಯುವ ಹೊತ್ತಿಗೇ ನನಗೆ ಎಲ್ಲ ಕಂಡಿತ್ತು. ಏಳನೇ ನಂಬರಿನವ ಚೆಂಡು ಕೊಟ್ಟಿದ್ದ. ಹತ್ತನೇ ನಂಬರಿನವನೂ ಕೊಟ್ಟಿದ್ದ, ಒಮ್ಮೆಯಲ್ಲ, ಹನ್ನೊಂದರಲ್ಲಿ ನಾಲ್ಕು ಸಲ. ಐದು ತಿಂಗಳು ನಾನು ಕುರ್ಚಿಯಲ್ಲಿ ಕೂತು ಬೈದದ್ದೆಲ್ಲ ಸುಳ್ಳಾಗಿತ್ತು. ಆ ಹುಲ್ಲಿನ ಮೈದಾನದಲ್ಲಿ, ಆ ಗುಂಡಗಿನ ಹೊಸ ಚೆಂಡಿಗೆ, ನನ್ನ ಟಪ್ಪಾ ಯಾವ ಕೆಲಸಕ್ಕೂ ಬಾರದ್ದು. ಕಂಡಿತ್ತು. ಆದರೆ ಕಿವಿಯಲ್ಲಿ ಸೈಫುದ್ದೀನನ ನಗು ಇನ್ನೂ ಹಾಗೇ ಇತ್ತು. ಈಗ ಬಿಡು ಅಂದರೆ ಅವನು ಹೇಳಿದ್ದೇ ಖರೆ ಆಗುತ್ತದಲ್ಲ ಎನ್ನುವ ಒಂದೇ ವಿಚಾರ ತಲೆಯ ತುಂಬ ತುಂಬಿತು.

ಬಾಯಿಗೆ ಬಂದದ್ದು ಅಂದೆ. ಹನ್ನೆರಡು ವರ್ಷ ಬಿಸಿಲಿನಲ್ಲಿ ನಿಂತು ಕಲಿಸಿದವ ನಾನು, ನಿನ್ನೆ ಬಂದ ಗೋವಾದವನ ಮಾತು ಹೆಚ್ಚಾಯಿತೇ ಅಂತ ಕೇಳಿದೆ. ಟಪ್ಪಾ ಬಿಟ್ಟರೆ ನಿನ್ನ ಹತ್ತಿರ ಉಳಿಯುವುದೇನು, ಆಡು ಕಾಯುವ ಕೋಲು ಅಂತಲೂ ಅಂದೆ. ಅದನ್ನು ಅನ್ನಬಾರದಿತ್ತು. ಅಂದ ಮೇಲೆ ಗುಲಶನ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಗೋಡೆಯ ಕಡೆ ತಿರುಗಿದಳು.

ಶ್ರೀಮಂತ ಸಿಟ್ಟಾಗಲಿಲ್ಲ. ಕೆಳಗೆ ನೋಡಿಕೊಂಡು ಕೇಳಿದ.

"ಹಂಗಂದ್ರ ಬ್ಯಾಡ ಅಂತೀರೇನ್ರಿ?"

"ಬ್ಯಾಡ," ಅಂದೆ.

ಇನ್ನೊಂದು ಸಲ ಕಾಲು ಮುಟ್ಟಿದ. ತೆಂಗಿನಕಾಯಿ, ಟವೆಲ್ಲು, ಸಕ್ಕರೆ ಎಲ್ಲ ಬ್ಯಾಗಿಗೆ ಹಾಕಿಕೊಂಡ. ಅಪ್ಪಣೆ ಸಿಗದಿದ್ದರೆ ತಂದದ್ದನ್ನು ವಾಪಸು ಒಯ್ಯಬೇಕು, ಅದೂ ರಿವಾಜೇ. ಅದನ್ನು ಅವನಿಗೆ ನಾನೇ ಹೇಳಿಕೊಟ್ಟಿದ್ದೆ. ಬಸ್‌ಸ್ಟ್ಯಾಂಡಿಗೆ ನಡೆದುಕೊಂಡು ಹೋದ.

ನಮ್ಮ ಮನೆಯಲ್ಲಿ ಆಡುವುದು ಉರ್ದು, ಆದರೆ ಬೈಯುವುದಿದ್ದರೆ ಗುಲಶನ ಕನ್ನಡಕ್ಕೆ ಬರುತ್ತಾಳೆ. ಅವತ್ತು ಬಂದಳು.

"ಕುಣ್ಯಾಕ ಬರಲಾರದಾಕಿ ನೆಲಾ ಡೊಂಕ ಅಂದ್ಲಂತ. ಅವ ಕುಣೀತೇನಿ, ಬಿಡ್ರಿ ಅಂತ ಬಂದ್ರ ನೀವು ಅವನ ಕಾಲ ಹಿಡಕೊಂಡ ಕುಂತೀರಿ. ಫೋನ ಮಾಡ್ರಿ, ಇನ್ನೂ ಬಸ್ ಬಿಟ್ಟಿಲ್ಲ."

ಮಾಡಲಿಲ್ಲ. ಗುರುವಾರ ಮಾಡಲಿಲ್ಲ, ಶುಕ್ರವಾರ ನಮಾಜಿನಿಂದ ಬಂದ ಮೇಲೆ ಮೊಬೈಲು ಕೈಯಲ್ಲಿ ಹಿಡಿದು ಮತ್ತೆ ಕೆಳಗಿಟ್ಟೆ. ಅವನೇ ಇನ್ನೊಮ್ಮೆ ಕೇಳಲಿ, ಆಗ ಹೂಂ ಅಂದರಾಯಿತು ಅಂತ ಅಂದುಕೊಂಡೆ. ಚಿಕ್ಕವ ಅವನು, ಕೇಳಬೇಕಾದವ ಅವನು. ಶನಿವಾರವೂ ಕಾದೆ. ಅವನು ಯಾಕೆ ಕೇಳುತ್ತಾನೆ? ಕೇಳಿ ಆಗಿತ್ತಲ್ಲ.

ಭಾನುವಾರ ಅಶ್ಫಾಕನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎದುರಿಗಿದ್ದದ್ದು ಕೇರಳದ ತಂಡ, ಆಗಲೇ ಮೇಲಿನ ಸ್ಥಾನ ಖಾತ್ರಿ ಮಾಡಿಕೊಂಡು ಆರಾಮಾಗಿ ಆಡಲು ಬಂದದ್ದು. ನಮ್ಮ ಹುಡುಗರು ಮಾತ್ರ ಅವತ್ತು ಜೀವದ ಹಂಗು ಬಿಟ್ಟು ಓಡಿದರು. ಏಳನೇ ನಂಬರಿನವನಿಗೆ ಅವತ್ತು ನಿಲ್ಲುವುದೂ ಬಂತು. ಹದಿನೇಳನೇ ನಿಮಿಷದಲ್ಲಿ ಅವನು ಎಡಗಡೆಯಿಂದ ಚೆಂಡು ಎತ್ತಿ ಕೊಟ್ಟ, ಹಣ್ಣು ಸುಲಿದು ಕೈಗಿಟ್ಟಂತೆ. ಶ್ರೀಮಂತ ಅಲ್ಲೇ ಇದ್ದ. ಕಾಲು ಎದ್ದಿತು, ಇಳಿಯಿತು. ಟಪ್ಪಾ ಬಿತ್ತು. ಕೇರಳದವ ಬಂದು ಹೊರಗೆ ಒದ್ದ.

ಅಂಗಡಿಯೆಲ್ಲ ಏಳನೇ ನಂಬರಿನವನನ್ನು ಬೈಯಿತು, ತಡ ಮಾಡಿ ಕೊಟ್ಟನಂತೆ. ಐದು ತಿಂಗಳು ಹಾಗೆ ಬೈಯಲು ಕಲಿಸಿದವ ನಾನೇ. ನನ್ನ ಕಡೆ ತಿರುಗಿ ನೋಡಿದರು, ನಾನು ಏನಾದರೂ ಅನ್ನುತ್ತೇನೆ ಅಂತ. ನಾನು ಟಿವಿಯ ಮೇಲಿನ ಕಣ್ಣು ತೆಗೆಯಲಿಲ್ಲ. ಮೂವತ್ತನಾಲ್ಕನೇ ನಿಮಿಷದಲ್ಲಿ ಮತ್ತೆ ಅದೇ ಆಯಿತು. ಈ ಸಲ ಅವನ ಮುಖವನ್ನು ಹತ್ತಿರದಿಂದ ತೋರಿಸಿದರು. ತುಟಿ ಕಚ್ಚಿಕೊಂಡು ತನ್ನ ಬಲಗಾಲನ್ನು ನೋಡುತ್ತಿದ್ದ. ಕೊಟ್ಟ ಮಾತಿಗೆ ಕಟ್ಟುಬಿದ್ದ ಮುಖ ಅದು, ನನಗೆ ಗುರುತಿತ್ತು.

ಅರ್ಧ ಪಂದ್ಯ ಮುಗಿದಾಗ ಜನರನ್ನು ತಳ್ಳಿಕೊಂಡು ಹೊರಗೆ ಬಂದೆ. ಫೋನು ಹಚ್ಚಿದೆ. ಬಂದ್ ಇತ್ತು. ಪಂದ್ಯದ ಹೊತ್ತಿನಲ್ಲಿ ಹುಡುಗರ ಫೋನುಗಳನ್ನು ಒಂದು ಪೆಟ್ಟಿಗೆಗೆ ಹಾಕಿ ಬೀಗ ಹಾಕುತ್ತಾರೆ ಅಂತ ಅವನೇ ಒಮ್ಮೆ ಹೇಳಿದ್ದ. ಆದರೂ ಇನ್ನೊಮ್ಮೆ ಹಚ್ಚಿದೆ, ಮತ್ತೊಮ್ಮೆ ಹಚ್ಚಿದೆ. ಕಡೆಗೆ ವಾಟ್ಸಾಪಿನಲ್ಲಿ ದನಿ ಕಳಿಸಿದೆ. ಇಜಾಜತ್ ಕೊಟ್ಟೇನಿ ಮಗನ, ಕಾಯಬ್ಯಾಡ, ಗಾಳ್ಯಾಗ ಹೊಡಿ ಅಂತ. ಬೀದಿಯಲ್ಲಿ ನಿಂತು ಒದರಿದೆ, ಒದರಿದರೆ ಬೆಳಗಾವಿಗೆ ಕೇಳಿಸುತ್ತದೆ ಅನ್ನುವವನ ಹಾಗೆ. ಎದುರಿಗಿನ ಕಿರಾಣಿ ಅಂಗಡಿಯವ ಎದ್ದು ನಿಂತು ನೋಡಿದ. ಮೆಸೇಜಿನ ಕೆಳಗೆ ಒಂದೇ ಟಿಕ್ ಬಿತ್ತು. ಎರಡನೆಯದು ಬೀಳಲಿಲ್ಲ.

ಎರಡನೇ ಅರ್ಧದಲ್ಲಿ ನಾನು ಕುರ್ಚಿಯಲ್ಲಿ ಕೂರಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಂತೆ. ಎಂಬತ್ತಮೂರನೇ ನಿಮಿಷ. ಹತ್ತನೇ ನಂಬರಿನವ ನಡುವೆ ಚೆಂಡು ಹಿಡಿದ. ಹಿಂದೆ ನೋಡಲಿಲ್ಲ. ಮುಂದೆ ನೋಡಿ, ಇಬ್ಬರ ತಲೆಯ ಮೇಲಿನಿಂದ ಎತ್ತಿ ಹಾಕಿದ. ಅಂಥ ಪಾಸು ನಾನು ನನ್ನ ಜನ್ಮದಲ್ಲಿ ನಮ್ಮ ಬಯಲಿನಲ್ಲಿ ಕಂಡಿಲ್ಲ. ಶ್ರೀಮಂತ ಒಬ್ಬನೇ. ಗೋಲಿ ಮುಂದೆ ಬಂದು ನಡುದಾರಿಯಲ್ಲಿ ಸಿಕ್ಕಿಬಿದ್ದಿದ್ದ, ಹಿಂದೆ ಬಲೆ ಬರಿದಾಗಿತ್ತು. ಶ್ರೀಮಂತನ ಕಾಲು ಎದ್ದಿತು. ಈ ಸಲ ಪೂರ್ತಿ ಎದ್ದಿತು, ಸೊಂಟದ ಎತ್ತರಕ್ಕೆ. ಹೊಡಿ ಅಂತ ನಾನು ಕೂಗಿದ್ದು ನನಗೇ ಕೇಳಿಸಿತು. ಆ ಕಾಲು ಅಲ್ಲೇ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಕೆಳಗಿಳಿಯಿತು. ಟಪ್ಪಾ ಬಿತ್ತು. ಗೋಲಿ ಹಾರಿ ಚೆಂಡನ್ನು ಎದೆಗೆ ಅವುಚಿಕೊಂಡ.

ಸೊನ್ನೆ ಸೊನ್ನೆ. ತಂಡ ಕೆಳಗೆ ಬಿತ್ತು.

ಆಗ ಶುರುವಾಯಿತು. ಇಷ್ಟು ದಿನ ನನ್ನ ಅಂಜಿಕೆಗೆ ಸುಮ್ಮನಿದ್ದವರೆಲ್ಲ ಬಾಯಿ ಬಿಟ್ಟರು. ಆಡು ಕಾಯುವವನನ್ನು ತಂದು ಸ್ಟ್ರೈಕರ ಮಾಡಿದರೆ ಇನ್ನೇನಾಗುತ್ತದೆ ಅಂತ ಒಬ್ಬ ಅಂದ. ಅವನಿಗೆ ಎದೆಯೇ ಇಲ್ಲ, ಅಂಜುಬುರುಕ, ಚೆಂಡು ಕಂಡರೆ ಕಾಲು ನಡುಗುತ್ತದೆ ಅಂತ ಇನ್ನೊಬ್ಬ. ಅಶ್ಫಾಕ ನನ್ನ ಮುಖ ನೋಡಿ, ನಾನು ಎಲ್ಲಿ ಜಗಳಕ್ಕೆ ಬೀಳುತ್ತೇನೋ ಅಂತ ನಡುವೆ ಬಂದು ನಿಂತ. ಬೀಳಲಿಲ್ಲ. ಅವನದಲ್ಲ ತಪ್ಪು, ನನ್ನದು ಅಂತ ಹೇಳಲು ಇದ್ದದ್ದು ಒಂದೇ ಮಾತು. ಅದನ್ನು ಆಡಲು ನಾಚಿಕೆಯಾಯಿತು. ಚಪ್ಪಲಿ ಹುಡುಕಿಕೊಂಡು ಮನೆಗೆ ಬಂದುಬಿಟ್ಟೆ. ಆ ಜನರ ನಡುವೆ ಆ ಹುಡುಗನನ್ನು ಒಬ್ಬನೇ ಬಿಟ್ಟು ಬಂದೆ.

ನಾಲ್ಕು ದಿನಕ್ಕೆ ಸುದ್ದಿ ಬಂತು. ಕ್ಲಬ್ಬು ಆರು ಜನರನ್ನು ಬಿಟ್ಟಿತ್ತು, ಪಟ್ಟಿಯಲ್ಲಿ ಮೊದಲ ಹೆಸರು ಅವನದು. ಫೋನು ಮಾಡಿದರೆ ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಎರಡು ವಾರ ಕಳೆಯಿತು. ಗುಲಶನ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಒಂದು ಬೆಳಿಗ್ಗೆ ಅಂಗಡಿ ತೆರೆಯದೆ ಬಸ್ಸು ಹತ್ತಿ ತಿಕೋಟಾದಲ್ಲಿ ಇಳಿದು, ಅಲ್ಲಿಂದ ಟಂಟಂ ಹಿಡಿದು ಘೋಣಸಗಿಗೆ ಹೋದೆ.

ಮನೆಯಲ್ಲಿರಲಿಲ್ಲ. ಊರಾಚೆ ಒಬ್ಬ ದೊಡ್ಡ ರೈತನ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಕೆಲಸಕ್ಕೆ ಹೋಗುತ್ತಾನೆ ಅಂದರು. ಹೋದೆ. ಹಸಿರು ಬಲೆ ಕಟ್ಟಿದ ಉದ್ದನೆಯ ಶೆಡ್ಡು, ಒಳಗೆ ಹನ್ನೊಂದು ಹನ್ನೆರಡು ಅಂತಸ್ತಿನಲ್ಲಿ ದ್ರಾಕ್ಷಿ ಹರವಿದ್ದರು. ಶ್ರೀಮಂತ ಏಣಿಯ ಮೇಲೆ ನಿಂತು ಮೇಲಿನ ಬಲೆ ಅಲ್ಲಾಡಿಸುತ್ತಿದ್ದ. ನನ್ನನ್ನು ಕಂಡು ಇಳಿದು ಬಂದ. ಕಾಲು ಮುಟ್ಟಿದ. ಒಂದು ಪ್ಲಾಸ್ಟಿಕ್ ಬುಟ್ಟಿ ಬೋರಲು ಹಾಕಿ, ಕೂಡ್ರಿ ಅಂದ. ಗಡಿಗೆಯಿಂದ ನೀರು ತಂದು ಕೊಟ್ಟ. ಅಷ್ಟು ಮರ್ಯಾದೆ ಮಾಡುವುದಕ್ಕಿಂತ ಅವನು ನನ್ನ ಕೆನ್ನೆಗೆ ಹೊಡೆದಿದ್ದರೆ ನನಗೆ ಸುಲಭವಾಗುತ್ತಿತ್ತು.

ನನ್ನ ತಪ್ಪು, ಆ ದಿನ ನಾನು ಹಾಗೆ ಅನ್ನಬಾರದಿತ್ತು, ಪಂದ್ಯದ ನಡುವೆ ಫೋನು ಮಾಡಿದ್ದೆ ಅಂತೆಲ್ಲ ಹೇಳಿದೆ. ದನಿ ಕಳಿಸಿದ್ದು ಸಿಕ್ಕಿತೇ ಅಂತ ಕೇಳಿದೆ. ಸಿಕ್ಕಿತು ಅಂದ. ಪಂದ್ಯ ಮುಗಿದು, ಸ್ನಾನ ಮಾಡಿ, ಟೀಮಿನ ಬಸ್ಸಿನಲ್ಲಿ ಕೂತ ಮೇಲೆ ಕೇಳಿಸಿಕೊಂಡನಂತೆ. ಪಕ್ಕದಲ್ಲಿ ಹತ್ತನೇ ನಂಬರಿನವ ಕೂತಿದ್ದನಂತೆ, ಯಾರ ದನಿ ಅಂತ ಕೇಳಿದನಂತೆ. ನಮ್ಮ ಉಸ್ತಾದರದು ಅಂತ ಹೇಳಿದೆ ಅಂದ.

"ಇಜಾಜತ್ ಕೊಡಾಕಂತನ ಬಂದೇನೋ ಮಗನ," ಅಂದೆ. "ಬಾಯಿಲೆ ಹೇಳಾಕತ್ತೇನಿ. ಟಪ್ಪಾ ಬಿಟ್ಟಬಿಡು."

"ಈಗ ಯಾವ ಮ್ಯಾಚಿಗ್ರಿ ಕಾಕಾ?" ಅಂದ.

ಅಣಕಿಸಲಿಲ್ಲ ಅವನು. ಕೇಳಿದ, ಅಷ್ಟೇ. ಅವನು ಕೈಗೆ ಅಂಟಿದ ದ್ರಾಕ್ಷಿಯ ತೊಟ್ಟುಗಳನ್ನು ಒಂದೊಂದಾಗಿ ಬಿಡಿಸುತ್ತ ಮಾತಾಡಿದ. ಇಷ್ಟು ವರ್ಷದಲ್ಲಿ ಅವನು ನನ್ನೆದುರು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

"ಕಡೀ ಚೆಂಡ ಹೊಡ್ಯಾಂವನ ಇದ್ನಿರಿ. ಮಾತ ಮುರದ್ರ ಮುರೀಲಿ ಅಂತ ಕಾಲ ಎತ್ತಿದ್ನಿ. ಎತ್ತಿದಾಗ ನಿಮ್ಮ 'ಬ್ಯಾಡ' ಅನ್ನೂದು ಕೇಳಿಸ್ತು, ಬಾಜೂಕ ನಿಂತ ಅಂದಂಗ. ನೀವು ಬ್ಯಾಡ ಅಂದದ್ದಕ್ಕ ನನಗ ಸಿಟ್ಟಿಲ್ರಿ. ನಾ ಕೇಳಾಕ ಬಂದೆನಲ್ರಿ, ಅದಕ್ಕ ಸಿಟ್ಟೈತಿ. ಕೇಳಲಾರದ ಹೊಡದಿದ್ರ ಹೊಡದ ಬಿಡತಿದ್ನಿ. ನಮ್ಮ ಟೀಮಿನ್ಯಾಗ ಇಪ್ಪತ್ತೆರಡ ಮಂದಿ ಅದಾರ, ಒಬ್ಬನೂ ಊರಿಗೆ ಹೋಗಿ ಯಾರನ್ನೂ ಏನೂ ಕೇಳೂದಿಲ್ಲ."

ಅಷ್ಟರಲ್ಲಿ ಅವನ ತಾಯಿ ಗುರುಬಾಯಿ ಬಂದಳು. ಉಸ್ತಾದರು ಬಂದಿದ್ದಾರೆ ಅಂತ ಯಾರೋ ಹೇಳಿದ್ದರಂತೆ, ಅವಸರದಲ್ಲಿ ಬಂದು ಏದುಸಿರು ಬಿಡುತ್ತಿದ್ದಳು. ಕೈಯಲ್ಲಿ ಒಣದ್ರಾಕ್ಷಿ ತುಂಬಿದ ಚೀಲ. ಅದನ್ನು ನನ್ನ ಮಡಿಲಲ್ಲಿ ಇಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಎರಡೂ ಕೈ ಜೋಡಿಸಿದಳು.

"ನಮ್ಮಂಥಾವರ ಮನ್ಯಾಗ ಹುಟ್ಟಿದ ಹುಡುಗ ಟಿವ್ಯಾಗ ಬಂದ, ಊರೆಲ್ಲಾ ನೋಡ್ತು. ಎಲ್ಲಾ ನಿಮ್ಮಿಂದರಿ ಯಪ್ಪಾ. ಅವರು ಬಿಟ್ರ ಬಿಡ್ಲಿ, ಅವನ ಹಣ್ಯಾಗ ಅಷ್ಟ ಬರದಿತ್ತು. ನೀವಂತೂ ನಿಮ್ಮ ಕಡಿಂದ ಏನೂ ಕಡಿಮಿ ಮಾಡ್ಲಿಲ್ಲ."

ಶ್ರೀಮಂತ ಅವಳ ಹಿಂದೆ ನಿಂತಿದ್ದ. ತಾಯಿಗೆ ಅವನು ಏನೂ ಹೇಳಿಲ್ಲ ಎನ್ನುವುದು ನನಗೆ ಆಗ ತಿಳಿಯಿತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಹೇಳಿದ್ದರೆ ಅವನು ತಡೆಯುತ್ತಿರಲಿಲ್ಲ, ಹೇಳಲಿ ಅಂತ ಒಂದು ಗಳಿಗೆ ಕಾದನೇನೋ ಅಂತಲೂ ಅನ್ನಿಸಿತು. ನಾನು ತಾಯಿಗೆ ಹೌದೆಂಬಂತೆ ತಲೆ ಆಡಿಸಿದೆ. ಅವನು ತಿರುಗಿ ಏಣಿ ಹತ್ತಿದ.

ಗುರುಬಾಯಿ ಟಂಟಂ ನಿಲ್ಲುವ ತನಕ ಜೊತೆಗೆ ಬಂದಳು. ಚೀಲ ನನ್ನ ಕೈಯಲ್ಲೇ ಇತ್ತು. ಈ ಸಲ ದ್ರಾಕ್ಷಿ ಬಹಳ ಸಿಹಿಯಾಗಿದೆ, ಮನೆಗೆ ಹೋದ ಕೂಡಲೇ ಗುಲಶನಬಿಗೆ ಕೊಡಿ ಅಂದಳು.